ಅಳಿಸಿಹೋಗಿರಬಹುದಾದ ಸಾಕ್ಷ್ಯ: ವಿಶ್ವದ ಹುಟ್ಟನ್ನು ವಿಜ್ಞಾನ ಪೂರ್ತಿ ವಿವರಿಸಬಲ್ಲದೇ?

ವಿಶ್ವ ಹೇಗೆ ಹುಟ್ಟಿತು ಎಂಬ ಚರ್ಚೆ ಶುರುವಾದರೆ ಬಹುಬೇಗ ಎರಡು ಬಣಗಳಾಗುತ್ತವೆ. ಮಹಾಸ್ಫೋಟ ಸಿದ್ಧಾಂತ ಬಂದು ದಶಕಗಳೇ ಕಳೆದವು, ಇನ್ನು ಹೇಳುವುದಕ್ಕೆ ಏನು ಉಳಿದಿದೆ ಎಂಬುದು ಒಂದು ಬಣದ ವಾದ. ಅದಕ್ಕೂ ಮುಂಚೆ ಏನಿತ್ತು ಎಂದು ಕೇಳಿ, ಉತ್ತರ ಬಾರದಿದ್ದರೆ ವಿಜ್ಞಾನ ಸೋತಿತು ಎಂದು ತೀರ್ಪು ಕೊಡುವುದು ಇನ್ನೊಂದು ಬಣದ ರೀತಿ. ಮೂರು ಬೇರೆ ಬೇರೆ ಪ್ರಶ್ನೆಗಳನ್ನು ಒಂದೇ ಗಂಟಿನಲ್ಲಿ ಕಟ್ಟಿಟ್ಟುಕೊಂಡು ಇಬ್ಬರೂ ಜಗಳವಾಡುತ್ತಿದ್ದಾರೆ ಎಂಬುದು ನನ್ನ ಅಭಿಪ್ರಾಯ.

ಮೊದಲ ಪ್ರಶ್ನೆ: ಅತಿ ಬಿಸಿಯಾದ, ಅತಿ ಸಾಂದ್ರವಾದ ಒಂದು ಸ್ಥಿತಿಯಿಂದ ಇಂದಿನ ಗ್ಯಾಲಕ್ಸಿಗಳು, ನಕ್ಷತ್ರಗಳು, ಗ್ರಹಗಳು ಹೇಗೆ ಬಂದವು? ಎರಡನೆಯದು: ಆ ಬಿಸಿ ಸ್ಥಿತಿಯೇ ಹೇಗೆ ಉಂಟಾಯಿತು, ಅದಕ್ಕೆ ಹಿಂದೆ ಏನಾದರೂ ಇತ್ತೇ? ಮೂರನೆಯದು: ಏನೂ ಇಲ್ಲದಿರುವ ಬದಲು ಏನೋ ಒಂದು ಏಕೆ ಇದೆ, ಅದು ಪಾಲಿಸುವ ನಿಯಮಗಳು ಇವೇ ಏಕೆ? ಮೊದಲನೆಯದಕ್ಕೆ ಬಹುಮಟ್ಟಿಗೆ ಉತ್ತರ ಸಿಕ್ಕಿದೆ. ಮೂರನೆಯದು ವಿಜ್ಞಾನದ ಹಿಡಿತಕ್ಕೆ ಪೂರ್ತಿಯಾಗಿ ಎಂದೂ ಬಾರದಿರಬಹುದು. ನನ್ನನ್ನು ಹೆಚ್ಚು ಕಾಡುವುದು ಎರಡನೆಯದು. ಅದಕ್ಕೆ ಖಚಿತವಾದ, ಭೌತಿಕವಾದ ಒಂದು ಉತ್ತರ ಇದ್ದೂ ಅಲ್ಲಿಗೆ ತಲುಪಿಸುವ ಸಾಕ್ಷ್ಯ ವಿಶ್ವದಲ್ಲಿ ಉಳಿದೇ ಇಲ್ಲದಿರುವ ಸಾಧ್ಯತೆ ಇದೆ. ಜಾಣತನ ಎಷ್ಟಿದ್ದರೂ ಸಾಕ್ಷ್ಯವಿಲ್ಲದೆ ವಿಜ್ಞಾನ ನಡೆಯುವುದಿಲ್ಲ.

ಹದಿನಾರು ಕಣಗಳ ಲೆಕ್ಕ

ಮೊದಲ ಪ್ರಶ್ನೆಯಲ್ಲಿ ವಿಜ್ಞಾನ ಸಾಧಿಸಿರುವುದನ್ನು ಸರಿಯಾಗಿ ಅರಿತುಕೊಳ್ಳದೆ ಅದರ ಮಿತಿಯ ಬಗ್ಗೆ ಮಾತನಾಡುವುದು ನ್ಯಾಯವಲ್ಲ. 1927ರಲ್ಲಿ ಬೆಲ್ಜಿಯಂನ ಪಾದ್ರಿ ಮತ್ತು ಭೌತವಿಜ್ಞಾನಿ ಜಾರ್ಜ್ ಲೆಮೈತ್ರ್, ಐನ್‌ಸ್ಟೈನರ ಸಮೀಕರಣಗಳ ಪ್ರಕಾರ ವಿಶ್ವ ಹಿಗ್ಗುತ್ತಿರಬೇಕು ಎಂದು ತೋರಿಸಿದರು. ದೂರದ ಗ್ಯಾಲಕ್ಸಿಗಳು ಹೆಚ್ಚು ವೇಗವಾಗಿ ದೂರ ಸರಿಯುತ್ತಿವೆ ಎಂಬ ಎಡ್ವಿನ್ ಹಬಲ್ ಅವರ ಅಳತೆ 1929ರಲ್ಲಿ ಬಂದಿತು. ಹಿಗ್ಗುತ್ತಿರುವುದು ಹಿಂದೆ ಇಕ್ಕಟ್ಟಾಗಿದ್ದಿರಬೇಕು, ಇಕ್ಕಟ್ಟಾಗಿದ್ದದ್ದು ಬಿಸಿಯಾಗಿದ್ದಿರಬೇಕು ಎಂಬಲ್ಲಿಗೆ ತರ್ಕ ತಾನಾಗಿ ಹೋಗುತ್ತದೆ. ಆದರೆ ಇಷ್ಟು ತರ್ಕಕ್ಕೆ ಯಾರೂ ತಲೆಬಾಗಬೇಕಿಲ್ಲ. ತಲೆಬಾಗಬೇಕಾದದ್ದು ಅದರಿಂದ ಹುಟ್ಟುವ ಲೆಕ್ಕಗಳಿಗೆ.

ಹೀಲಿಯಂ ಅನಿಲವನ್ನೇ ತೆಗೆದುಕೊಳ್ಳಿ. ಮೊದಲ ಒಂದು ಸೆಕೆಂಡು ಕಳೆಯುವ ಹೊತ್ತಿಗೆ ವಿಶ್ವದ ಉಷ್ಣತೆ ಸುಮಾರು 1000 ಕೋಟಿ ಡಿಗ್ರಿ. ಅದಕ್ಕೂ ಮುಂಚೆ ಪ್ರೋಟಾನ್‌ಗಳು ನ್ಯೂಟ್ರಾನ್‌ಗಳಾಗಿ, ನ್ಯೂಟ್ರಾನ್‌ಗಳು ಪ್ರೋಟಾನ್‌ಗಳಾಗಿ ಸತತವಾಗಿ ಬದಲಾಗುತ್ತಿದ್ದವು. ನ್ಯೂಟ್ರಾನ್ ತುಸು ಭಾರ, ಅದನ್ನು ಉಂಟುಮಾಡಲು ಶಕ್ತಿ ತುಸು ಹೆಚ್ಚು ಬೇಕು. ಹಾಗಾಗಿ ವಿಶ್ವ ತಣಿಯುತ್ತ ಹೋದಂತೆ ನ್ಯೂಟ್ರಾನ್‌ಗಳ ಪಾಲು ಕುಸಿಯಿತು. ಪರಸ್ಪರ ಬದಲಾವಣೆ ನಿಂತಾಗ ಆರು ಪ್ರೋಟಾನ್‌ಗಳಿಗೆ ಒಂದು ನ್ಯೂಟ್ರಾನ್ ಉಳಿದಿತ್ತು. ಒಂಟಿ ನ್ಯೂಟ್ರಾನ್ ಸರಾಸರಿ ಸುಮಾರು 880 ಸೆಕೆಂಡುಗಳಲ್ಲಿ ಕ್ಷಯಿಸುತ್ತದೆ. ಕೆಲವು ನಿಮಿಷಗಳ ಬಳಿಕ, ಪರಮಾಣು ಬೀಜಗಳು ಒಡೆಯದೆ ಕೂಡಿಕೊಳ್ಳುವಷ್ಟು ವಿಶ್ವ ತಣಿಯುವ ಹೊತ್ತಿಗೆ, ಪ್ರಮಾಣ ಏಳಕ್ಕೆ ಒಂದಾಗಿತ್ತು.

ಈಗ ಹದಿನಾರು ಕಣಗಳನ್ನು ಎಣಿಸಿ: ಹದಿನಾಲ್ಕು ಪ್ರೋಟಾನ್, ಎರಡು ನ್ಯೂಟ್ರಾನ್. ಎರಡು ನ್ಯೂಟ್ರಾನ್‌ಗಳು ಎರಡು ಪ್ರೋಟಾನ್‌ಗಳೊಂದಿಗೆ ಸೇರಿ ಒಂದು ಹೀಲಿಯಂ ಬೀಜವಾಗುತ್ತದೆ. ಉಳಿದ ಹನ್ನೆರಡು ಪ್ರೋಟಾನ್‌ಗಳು ಜಲಜನಕವಾಗಿಯೇ ಉಳಿಯುತ್ತವೆ. ಹದಿನಾರರಲ್ಲಿ ನಾಲ್ಕು ಪಾಲು ಹೀಲಿಯಂ, ಅಂದರೆ ದ್ರವ್ಯರಾಶಿಯ ಶೇಕಡ 25. ನಕ್ಷತ್ರಗಳ ಒಲೆಯಲ್ಲಿ ಹೆಚ್ಚು ಬೇಯದೆ ಉಳಿದಿರುವ ಅನಿಲವನ್ನು ಖಗೋಳಜ್ಞರು ದೂರದ ಪುಟ್ಟ ಗ್ಯಾಲಕ್ಸಿಗಳಲ್ಲಿ ಹುಡುಕಿ ಅಳೆದಾಗ ಸಿಗುವುದು ಶೇಕಡ 24ರಿಂದ 25ರಷ್ಟು ಹೀಲಿಯಂ.

ಈ ಲೆಕ್ಕಕ್ಕೆ ಇನ್ನೊಂದು ಹೆಗ್ಗಳಿಕೆ ಇದೆ. ಬಹುತೇಕ ಯಾವುದಕ್ಕೂ ತಾಗದೆ ಹಾದುಹೋಗುವ ಅತಿ ಹಗುರ ಕಣಗಳಾದ ನ್ಯೂಟ್ರಿನೊಗಳಲ್ಲಿ ಬಗೆಗಳು ಹೆಚ್ಚಿದ್ದರೆ ಎಳೆಯ ವಿಶ್ವ ಇನ್ನೂ ವೇಗವಾಗಿ ಹಿಗ್ಗಿ, ನ್ಯೂಟ್ರಾನ್‌ಗಳು ಹೆಚ್ಚು ಉಳಿದು, ಹೀಲಿಯಂ ಪ್ರಮಾಣ ಏರಬೇಕಿತ್ತು. ಹೀಲಿಯಂ ಅಷ್ಟಿಲ್ಲದ ಕಾರಣ ಬಗೆಗಳು ಮೂರರ ಆಸುಪಾಸಿನಲ್ಲೇ ಇರಬೇಕು ಎಂದು ವಿಶ್ವವಿಜ್ಞಾನಿಗಳು ಮೊದಲೇ ಹೇಳಿದ್ದರು. 1989ರಲ್ಲಿ ಜಿನೀವಾದ ಸರ್ನ್ ಪ್ರಯೋಗಾಲಯದಲ್ಲಿ ಝಡ್ ಕಣಗಳ ಕ್ಷಯವನ್ನು ಅಳೆದಾಗ ಬಂದ ಉತ್ತರವೂ ಮೂರೇ. ಒಂದು ಸಾಕ್ಷ್ಯ ಕೋಟ್ಯಂತರ ಬೆಳಕಿನ ವರ್ಷಗಳಾಚೆಯ ಅನಿಲದ್ದು, ಇನ್ನೊಂದು ನೆಲದಡಿಯ ಸುರಂಗದ್ದು. ಎರಡಕ್ಕೂ ಸಂಬಂಧವೇ ಇಲ್ಲ. ಎರಡೂ ಒಂದೇ ಸಂಖ್ಯೆ ಹೇಳಿದ್ದನ್ನು ಕಂಡ ಮೇಲೆ, ವಿಶ್ವದ ಮೊದಲ ನಿಮಿಷಗಳ ಬಗ್ಗೆ ನಮಗೆ ಗೊತ್ತಿರುವುದು ಬರೀ ಊಹೆ ಎನ್ನಲು ನನಗೆ ಬಾಯಿ ಬರುವುದಿಲ್ಲ. ಇದೇ ಲೆಕ್ಕದಲ್ಲಿ ಲಿಥಿಯಂ ಮಾತ್ರ ಇಂದಿಗೂ ಕೈಕೊಡುತ್ತದೆ. ಹಳೆಯ ನಕ್ಷತ್ರಗಳಲ್ಲಿ ಕಾಣುವುದಕ್ಕಿಂತ ಸುಮಾರು ಮೂರು ಪಟ್ಟು ಹೆಚ್ಚು ಲಿಥಿಯಂ ಇರಬೇಕೆಂದು ಸಿದ್ಧಾಂತ ಹೇಳುತ್ತದೆ. ನಕ್ಷತ್ರಗಳೇ ಅದನ್ನು ಸುಟ್ಟುಹಾಕಿವೆಯೋ, ಸಿದ್ಧಾಂತದಲ್ಲೇ ಏನೋ ಬಿಟ್ಟುಹೋಗಿದೆಯೋ ತೀರ್ಮಾನವಾಗಿಲ್ಲ.

ಎರಡನೆಯ ಆಧಾರ ಹಿನ್ನೆಲೆ ವಿಕಿರಣ. ಬಿಸಿ ವಿಶ್ವದ ಬೆಳಕು ತಣ್ಣಗಾಗಿ ಇನ್ನೂ ಎಲ್ಲೆಡೆ ಹರಡಿರಬೇಕು, ಅದರ ಉಷ್ಣತೆ ಪರಮ ಶೂನ್ಯಕ್ಕಿಂತ ಸುಮಾರು 5 ಡಿಗ್ರಿ ಮೇಲಿರಬೇಕು ಎಂದು ರಾಲ್ಫ್ ಆಲ್ಫರ್ ಮತ್ತು ರಾಬರ್ಟ್ ಹರ್ಮನ್ 1948ರಲ್ಲೇ ಹೇಳಿದ್ದರು. ಅದನ್ನು ಹುಡುಕಲು ಬಹುಕಾಲ ಯಾರೂ ಹೋಗಲಿಲ್ಲ. 1964ರಲ್ಲಿ ಅಮೆರಿಕದ ನ್ಯೂಜೆರ್ಸಿಯ ಹೋಮ್‌ಡೆಲ್‌ನಲ್ಲಿ ಆರ್ನೋ ಪೆಂಜಿಯಾಸ್ ಮತ್ತು ರಾಬರ್ಟ್ ವಿಲ್ಸನ್ ಅವರ ಆಂಟೆನಾದಲ್ಲಿ ಒಂದು ಸದ್ದು ಸಿಕ್ಕಿತು. ಯಾವ ದಿಕ್ಕಿಗೆ ತಿರುಗಿಸಿದರೂ, ಹಗಲು ರಾತ್ರಿ ಎನ್ನದೆ ಅದು ಇದ್ದೇ ಇತ್ತು. ಆಂಟೆನಾದೊಳಗೆ ಗೂಡು ಕಟ್ಟಿದ್ದ ಪಾರಿವಾಳಗಳನ್ನು ಹಿಡಿದು ಹೊರಗೆ ಕಳುಹಿಸಿ, ಹಿಕ್ಕೆಯನ್ನೆಲ್ಲ ಉಜ್ಜಿ ತೆಗೆದರೂ ಸದ್ದು ಹೋಗಲಿಲ್ಲ. ವಿಶ್ವಕ್ಕೆ ಸುಮಾರು 3,80,000 ವರ್ಷ ವಯಸ್ಸಾಗಿದ್ದಾಗ ಬಿಡುಗಡೆಯಾದ ಬೆಳಕು ಅದು. ಅಲ್ಲಿಯವರೆಗೆ ವಿಶ್ವವೇ ಮುಸುಕಾಗಿತ್ತು, ಬೆಳಕು ಎಲೆಕ್ಟ್ರಾನ್‌ಗಳಿಗೆ ಡಿಕ್ಕಿ ಹೊಡೆಯುತ್ತ ಅಲ್ಲಲ್ಲೇ ಸುತ್ತುತ್ತಿತ್ತು. ಅದರ ಇಂದಿನ ಉಷ್ಣತೆ 2.725 ಡಿಗ್ರಿ ಎಂದು ಕೋಬೆ ಉಪಗ್ರಹ ಅಳೆಯಿತು. ಅದರಲ್ಲಿ ಲಕ್ಷಕ್ಕೆ ಒಂದರಷ್ಟು ಏರುಪೇರುಗಳಿವೆ ಎಂದು 1992ರಲ್ಲಿ ತೋರಿಸಿಕೊಟ್ಟದ್ದೂ ಅದೇ. ಗ್ಯಾಲಕ್ಸಿಗಳು ಬೆಳೆದದ್ದು ಆ ಏರುಪೇರುಗಳಿಂದ. ಪ್ಲಾಂಕ್ ಉಪಗ್ರಹ ಅದೇ ವಿಕಿರಣವನ್ನು ಇನ್ನೂ ಸೂಕ್ಷ್ಮವಾಗಿ ಅಳೆದು ವಿಶ್ವದ ವಯಸ್ಸು ಸುಮಾರು 1380 ಕೋಟಿ ವರ್ಷ ಎಂದು ನಿಗದಿ ಮಾಡಿತು.

ಜೇಮ್ಸ್ ವೆಬ್ ದೂರದರ್ಶಕ ನಿರೀಕ್ಷೆಗಿಂತ ಮುಂಚೆಯೇ ಬೆಳಗಿದ ಗ್ಯಾಲಕ್ಸಿಗಳನ್ನು ತೋರಿಸಿದಾಗ ಮಹಾಸ್ಫೋಟ ಸಿದ್ಧಾಂತ ಕುಸಿಯಿತು ಎಂಬ ಸುದ್ದಿಗಳು ಹಬ್ಬಿದವು. ವಿಶ್ವ ಹಿಗ್ಗುವ ವೇಗವನ್ನು (ಮೆಗಾಪಾರ್ಸೆಕ್ ಎಂಬ ಖಗೋಳ ದೂರಕ್ಕೆ ಸೆಕೆಂಡಿಗೆ ಇಷ್ಟು ಕಿಲೋಮೀಟರ್ ಎಂಬ ಲೆಕ್ಕದಲ್ಲಿ) ಹಿನ್ನೆಲೆ ವಿಕಿರಣದಿಂದ ಲೆಕ್ಕ ಹಾಕಿದರೆ ಸುಮಾರು 67, ಹತ್ತಿರದ ಗ್ಯಾಲಕ್ಸಿಗಳಿಂದ ಅಳೆದರೆ ಸುಮಾರು 73 ಬರುತ್ತದೆ ಎಂಬ ಬಿಕ್ಕಟ್ಟು ನಿಜವಾಗಿಯೂ ಇದೆ. ಇವು ಗಂಭೀರ ಸಮಸ್ಯೆಗಳು. ಆದರೆ ಇವುಗಳಲ್ಲಿ ಯಾವುದೂ ವಿಶ್ವ ಒಂದು ಕಾಲದಲ್ಲಿ ಬಿಸಿಯಾಗಿ, ಸಾಂದ್ರವಾಗಿತ್ತು ಎಂಬುದನ್ನು ಅಲುಗಿಸುವುದಿಲ್ಲ.

ಸಮೀಕರಣ ಕೈಚೆಲ್ಲುವ ಕಡೆ

ಕಾಲದಲ್ಲಿ ಇನ್ನೂ ಹಿಂದಕ್ಕೆ ಹೋದರೆ ಏನಾಗುತ್ತದೆ? ಕೋಲ್ಕತ್ತದ ಅಮಲ್ ಕುಮಾರ್ ರಾಯ್‌ಚೌಧುರಿ 1955ರಲ್ಲಿ ಪ್ರಕಟಿಸಿದ ಒಂದು ಸಮೀಕರಣ, ಗುರುತ್ವ ದ್ರವ್ಯವನ್ನು ಹೇಗೆ ಒಂದೆಡೆಗೆ ಸೆಳೆದು ಕೂಡಿಸುತ್ತದೆ ಎಂಬುದನ್ನು ನಿಖರವಾಗಿ ಹೇಳಿತು. ಅದರ ಆಧಾರದ ಮೇಲೆ ಕಟ್ಟಿದ ಪ್ರಮೇಯವೊಂದನ್ನು ಸ್ಟೀಫನ್ ಹಾಕಿಂಗ್ ಮತ್ತು ರೋಜರ್ ಪೆನ್‌ರೋಸ್ 1970ರಲ್ಲಿ ಮಂಡಿಸಿದರು. ಐನ್‌ಸ್ಟೈನರ ಗುರುತ್ವ ಸಿದ್ಧಾಂತವಾದ ಸಾಮಾನ್ಯ ಸಾಪೇಕ್ಷತಾ ಸಿದ್ಧಾಂತ ಸರಿಯಾಗಿದ್ದು ದ್ರವ್ಯ ನಮಗೆ ತಿಳಿದ ರೀತಿಯಲ್ಲೇ ವರ್ತಿಸುವುದಾದರೆ, ಹಿಂದಕ್ಕೆ ಹೋಗುವ ದಾರಿ ಒಂದು ಕಡೆ ಕಡಿದುಹೋಗಲೇಬೇಕು. ಅಲ್ಲಿ ಸಾಂದ್ರತೆ ಅನಂತವಾಗುತ್ತದೆ. ಇದಕ್ಕೆ ಸಿಂಗ್ಯುಲಾರಿಟಿ ಎಂದು ಹೆಸರು.

ಜನಪ್ರಿಯ ಬರಹಗಳಲ್ಲಿ ಇದನ್ನು ವಿಶ್ವ ಹುಟ್ಟಿದ ಬಿಂದು ಎಂದು ಬಣ್ಣಿಸುವುದುಂಟು. ನನಗೆ ಇದು ದಾರಿ ತಪ್ಪಿಸುವ ಮಾತಾಗಿ ಕಾಣುತ್ತದೆ. ಭೌತವಿಜ್ಞಾನದ ಲೆಕ್ಕದಲ್ಲಿ ಅನಂತ ಎದುರಾದರೆ, ಅಲ್ಲಿ ಆ ಸಿದ್ಧಾಂತ ಕೈಚೆಲ್ಲಿತು ಎಂದೇ ಅರ್ಥ. ಆ ಕ್ಷಣದಲ್ಲಿ ಏನು ನಡೆಯಿತು ಎಂಬ ಮಾಹಿತಿ ಅದರಲ್ಲಿ ಏನೂ ಇಲ್ಲ. ದಶಮಾಂಶ ಬಿಂದುವಿನ ಬಳಿಕ 43 ಸೊನ್ನೆಗಳನ್ನು ಬರೆದು 5 ಸೇರಿಸಿದರೆ ಬರುವಷ್ಟು ಸೆಕೆಂಡುಗಳಿಗೆ ಪ್ಲಾಂಕ್ ಕಾಲ ಎನ್ನುತ್ತಾರೆ. ಅದಕ್ಕಿಂತ ಹಿಂದೆ ಗುರುತ್ವವೂ ಪರಮಾಣು, ಕಣಗಳ ಲೋಕವನ್ನು ಆಳುವ ಕ್ವಾಂಟಮ್ ನಿಯಮಗಳಿಗೆ ಒಳಪಡಲೇಬೇಕು, ಆ ಎರಡನ್ನೂ ಬೆಸೆಯುವ ಒಪ್ಪಿತ ಸಿದ್ಧಾಂತ ಇನ್ನೂ ಇಲ್ಲ. ಲೆಮೈತ್ರ್ 1931ರಲ್ಲೇ ಇದನ್ನು ಗ್ರಹಿಸಿದ್ದರು. ಜಗತ್ತು ಒಂದೇ ಒಂದು ಕ್ವಾಂಟಮ್‌ನಿಂದ ಆರಂಭವಾಗಿದ್ದರೆ ದೇಶ, ಕಾಲ ಎಂಬ ಕಲ್ಪನೆಗಳಿಗೆ ಆರಂಭದಲ್ಲಿ ಅರ್ಥವೇ ಇರಲಾರದು ಎಂದು ಅವರು ಬರೆದರು.

ಹಾಗೆಂದು ಪ್ರಸ್ತಾವಗಳಿಗೆ ಕೊರತೆಯಿಲ್ಲ. ದೇಶಕಾಲಗಳೇ ಇಲ್ಲದ ಸ್ಥಿತಿಯಿಂದ ಕ್ವಾಂಟಮ್ ಸುರಂಗದ ಮೂಲಕ, ಅಂದರೆ ದಾಟಲಾಗದ ತಡೆಯನ್ನೂ ಕಣಗಳು ದಾಟಿಬಿಡುವ ರೀತಿಯಲ್ಲಿ, ವಿಶ್ವ ಮೂಡಿರಬಹುದು ಎಂದು ಅಲೆಕ್ಸಾಂಡರ್ ವಿಲೆಂಕಿನ್ 1982ರಲ್ಲಿ ಹೇಳಿದರು. ಆರಂಭದಲ್ಲಿ ಕಾಲವೂ ದೇಶದಂತೆಯೇ ವರ್ತಿಸುವುದರಿಂದ ವಿಶ್ವಕ್ಕೆ ಅಂಚೇ ಇಲ್ಲ ಎಂಬುದು ಜೇಮ್ಸ್ ಹಾರ್ಟಲ್ ಮತ್ತು ಹಾಕಿಂಗ್ 1983ರಲ್ಲಿ ಮಂಡಿಸಿದ ಚಿತ್ರ. ಅಭಯ್ ಅಷ್ಟೇಕರ್ ಮತ್ತು ಸಂಗಡಿಗರ ಲೆಕ್ಕದಲ್ಲಿ ಅನಂತ ಸಾಂದ್ರತೆ ಬರುವುದೇ ಇಲ್ಲ. ಹಿಂದೆ ಕುಗ್ಗುತ್ತಿದ್ದ ವಿಶ್ವವೊಂದು ಒಂದು ಮಿತಿಗೆ ಬಂದು ಪುಟಿದು ಮತ್ತೆ ಹಿಗ್ಗತೊಡಗುತ್ತದೆ. ಪೆನ್‌ರೋಸ್ ಅವರದು ಯುಗದ ಮೇಲೆ ಯುಗ ಬರುವ ಇನ್ನೊಂದೇ ಬಗೆಯ ಚಿತ್ರ.

ಇವುಗಳಲ್ಲಿ ಎರಡರಲ್ಲಿ ಕಾಲಕ್ಕೆ ಆರಂಭವಿದೆ ಅಥವಾ ಆರಂಭದಂಥ ಏನೋ ಇದೆ, ಎರಡರಲ್ಲಿ ಇಲ್ಲ. ಇಷ್ಟು ಮೂಲಭೂತವಾದ ಭಿನ್ನಾಭಿಪ್ರಾಯವನ್ನು ಗಣಿತ ಒಂದೇ ತೀರ್ಮಾನಿಸಲಾರದು. ಪ್ರಯೋಗಾಲಯದಲ್ಲಿ ಆ ಸ್ಥಿತಿಯನ್ನು ಮರಳಿ ಸೃಷ್ಟಿಸುವುದೂ ಆಗದ ಮಾತು. ಸರ್ನ್‌ನ ಲಾರ್ಜ್ ಹೇಡ್ರಾನ್ ಕೊಲೈಡರ್ ಮುಟ್ಟಿರುವ ಶಕ್ತಿಗಿಂತ ಪ್ಲಾಂಕ್ ಮಟ್ಟದ ಶಕ್ತಿ ಸುಮಾರು ಸಾವಿರ ಲಕ್ಷ ಕೋಟಿ ಪಟ್ಟು ಹೆಚ್ಚು. ಉಳಿಯುವುದು ಆಕಾಶ ಒಂದೇ. ಅಲ್ಲಿ ಏನಾದರೂ ಗುರುತು ಉಳಿದಿರಬೇಕು.

ಒರೆಸಿದ ಹಲಗೆ

ಇಲ್ಲಿಯೇ ನಿಜವಾದ ತೊಡಕು ಇರುವುದು. ಹಿನ್ನೆಲೆ ವಿಕಿರಣ ಆಕಾಶದ ಎರಡು ಎದುರುಬದುರು ದಿಕ್ಕುಗಳಲ್ಲೂ ಒಂದೇ ಉಷ್ಣತೆಯಲ್ಲಿದೆ. ಸರಳ ಮಹಾಸ್ಫೋಟದ ಲೆಕ್ಕದ ಪ್ರಕಾರ ಆ ಎರಡು ಪ್ರದೇಶಗಳ ನಡುವೆ ಬೆಳಕು ಕೂಡ ಓಡಾಡುವಷ್ಟು ಸಮಯ ಇರಲಿಲ್ಲ, ಹಾಗಾದರೆ ಉಷ್ಣತೆ ಸಮವಾದದ್ದು ಹೇಗೆ? ಇದಕ್ಕೆ ಆಲನ್ ಗುತ್ 1981ರಲ್ಲಿ ಪ್ರಕಟಿಸಿದ ಪರಿಹಾರವೇ ಉಬ್ಬರ ಸಿದ್ಧಾಂತ. ಸೆಕೆಂಡಿನ ಊಹಿಸಲಾಗದಷ್ಟು ಸಣ್ಣ ಭಾಗದಲ್ಲಿ ವಿಶ್ವ ಉದ್ದಳತೆಯಲ್ಲಿ 1ರ ಮುಂದೆ 26 ಸೊನ್ನೆಗಳಷ್ಟು ಪಟ್ಟಾದರೂ ಹಿಗ್ಗಿತು. ಮೊದಲೇ ಒಂದಾಗಿದ್ದ, ಸಮವಾಗಿದ್ದ ಪುಟ್ಟ ತುಣುಕೊಂದೇ ಹಿಗ್ಗಿ ನಾವು ಕಾಣುವ ವಿಶ್ವವೆಲ್ಲ ಆಯಿತು. ಏರುಪೇರುಗಳ ಸ್ವರೂಪ ಹೇಗಿರಬೇಕೆಂದು ಈ ಸಿದ್ಧಾಂತ ಹೇಳಿತೋ, ಪ್ಲಾಂಕ್ ಉಪಗ್ರಹ ಅಳೆದದ್ದು ಅದಕ್ಕೆ ಚೆನ್ನಾಗಿ ಹೊಂದುತ್ತದೆ.

ಆದರೆ ವಿಶ್ವ ಇಷ್ಟು ಸಮವಾಗಿರುವುದನ್ನು ವಿವರಿಸುವ ಈ ಪ್ರಕ್ರಿಯೆಯೇ ತನಗಿಂತ ಹಿಂದಿನದನ್ನೆಲ್ಲ ಒರೆಸಿಹಾಕುತ್ತದೆ. ಉಬ್ಬರಕ್ಕೆ ಮುನ್ನ ಇದ್ದ ಸುಕ್ಕು, ತಿರುವು, ವಿಚಿತ್ರ ಕಣ ಎಲ್ಲವೂ ಹಿಗ್ಗಿನಲ್ಲಿ ತೆಳುವಾಗಿ ನಮ್ಮ ದಿಗಂತದಾಚೆಗೆ ಹೋಗುತ್ತವೆ. ಉಬ್ಬರ ತುಸು ಹೆಚ್ಚು ಹೊತ್ತು ನಡೆದಿದ್ದರೂ ಸಾಕು, ವಿಲೆಂಕಿನ್ ಹೇಳಿದಂತೆ ವಿಶ್ವ ಮೂಡಿತೋ, ಅಷ್ಟೇಕರ್ ಹೇಳಿದಂತೆ ಪುಟಿದೆದ್ದಿತೋ ಎಂದು ಹೇಳಬಲ್ಲ ಗುರುತು ನಮ್ಮ ಆಕಾಶದಲ್ಲಿ ಒಂದೂ ಇರಲಾರದು. ಉಬ್ಬರ ಸಿದ್ಧಾಂತ ಎಷ್ಟು ಚೆನ್ನಾಗಿ ಗೆಲ್ಲುತ್ತದೆಯೋ ಅಷ್ಟರ ಮಟ್ಟಿಗೆ ಅದರ ಹಿಂದಿನದನ್ನು ತಿಳಿಯುವ ನಮ್ಮ ಆಸೆ ಸೋಲುತ್ತದೆ. ವಿಶ್ವದ ಹುಟ್ಟಿನ ಬಗ್ಗೆ ಓದುವಾಗಲೆಲ್ಲ ನನಗೆ ಅತ್ಯಂತ ಕಹಿಯಾಗಿ ತೋರುವ ಸಂಗತಿ ಇದು.

ಇದು ಅತಿಯಾದ ಆತಂಕ ಅಲ್ಲ ಎಂಬುದಕ್ಕೆ ಭವಿಷ್ಯದ ಕಡೆಯಿಂದ ಒಂದು ನಿದರ್ಶನ ಕೊಡಬಹುದು. ಭೌತವಿಜ್ಞಾನಿಗಳಾದ ಲಾರೆನ್ಸ್ ಕ್ರೌಸ್ ಮತ್ತು ರಾಬರ್ಟ್ ಶೆರರ್ 2007ರಲ್ಲಿ ಒಂದು ಲೆಕ್ಕ ಪ್ರಕಟಿಸಿದರು. ವಿಶ್ವ ಇಂದಿನಂತೆಯೇ ವೇಗೋತ್ಕರ್ಷದಲ್ಲಿ ಹಿಗ್ಗುತ್ತ ಹೋದರೆ ಸುಮಾರು 10,000 ಕೋಟಿ ವರ್ಷಗಳ ಬಳಿಕ, ಗುರುತ್ವದಿಂದ ನಮ್ಮ ಜೊತೆ ಕಟ್ಟಿಹಾಕಿಕೊಂಡಿರುವ ಕೆಲವನ್ನು ಬಿಟ್ಟು ಉಳಿದೆಲ್ಲ ಗ್ಯಾಲಕ್ಸಿಗಳು ಕಣ್ಮರೆಯಾಗಿರುತ್ತವೆ. ಹಿನ್ನೆಲೆ ವಿಕಿರಣದ ಅಲೆಗಳು ಹಿಗ್ಗಿ ಹಿಗ್ಗಿ ಕ್ರಮೇಣ ಯಾವ ಆಂಟೆನಾಕ್ಕೂ ಸಿಗದಂತಾಗುತ್ತವೆ. ನಕ್ಷತ್ರಗಳು ತಯಾರಿಸಿದ ಹೀಲಿಯಂ ರಾಶಿಯಲ್ಲಿ ಮೊದಲ ನಿಮಿಷಗಳ ಹೀಲಿಯಂ ಮುಚ್ಚಿಹೋಗಿರುತ್ತದೆ. ಅಂದು ಬದುಕಿರುವ ಖಗೋಳಜ್ಞರಿಗೆ ಕಾಣುವುದು ಖಾಲಿ ಕತ್ತಲಿನ ನಡುವೆ ಅಲುಗಾಡದೆ ನಿಂತ ಒಂದೇ ಒಂದು ನಕ್ಷತ್ರದ್ವೀಪ. ನೂರು ವರ್ಷಗಳ ಹಿಂದೆ ನಮ್ಮ ಖಗೋಳಜ್ಞರಲ್ಲಿ ಎಷ್ಟೋ ಮಂದಿ ನಂಬಿದ್ದ ಚಿತ್ರವೂ ಅದೇ. ಭವಿಷ್ಯದ ಆ ವಿಜ್ಞಾನಿಗಳು ನಮಗಿಂತ ಬುದ್ಧಿವಂತರಿರಬಹುದು, ಅವರ ಉಪಕರಣಗಳು ದೋಷರಹಿತವಾಗಿರಬಹುದು, ತರ್ಕದಲ್ಲಿ ಒಂದು ತಪ್ಪೂ ಇಲ್ಲದಿರಬಹುದು. ಆದರೂ ವಿಶ್ವಕ್ಕೆ ಹುಟ್ಟು ಎಂಬುದೇ ಇಲ್ಲ ಎಂಬ ತಪ್ಪು ತೀರ್ಮಾನಕ್ಕೆ ಅವರು ಬರುತ್ತಾರೆ.

ಅವರಿಗೆ ಆಗಬಹುದಾದದ್ದು ನಮಗೆ ಆಗಲೇ ಆಗಿಲ್ಲ ಎನ್ನಲು ಆಧಾರವೇನು? ಈ ಪ್ರಶ್ನೆಯನ್ನು ತಳ್ಳಿಹಾಕುವ ಒಂದು ವಾದವನ್ನೂ ನಾನು ಕಂಡಿಲ್ಲ. ಗ್ಯಾಲಕ್ಸಿಗಳ ನಕ್ಷೆ ತಯಾರಿಸುವ, ಅಮೆರಿಕದ ಅರಿಜೋನಾದಲ್ಲಿರುವ ಡೆಸಿ ಉಪಕರಣದ 2024 ಮತ್ತು 2025ರ ಫಲಿತಾಂಶಗಳು, ಹಿಗ್ಗುವಿಕೆಯನ್ನು ವೇಗಗೊಳಿಸುತ್ತಿರುವ ಕಪ್ಪು ಶಕ್ತಿ ಕಾಲಾಂತರದಲ್ಲಿ ಕುಂದುತ್ತಿರಬಹುದು ಎಂಬ ಸುಳಿವು ಕೊಟ್ಟಿವೆ. ಅದು ಇನ್ನೂ ದೃಢಪಟ್ಟಿಲ್ಲ. ದೃಢಪಟ್ಟರೆ ಕ್ರೌಸ್ ಮತ್ತು ಶೆರರ್ ಬಿಡಿಸಿದ ದೂರದ ಭವಿಷ್ಯ ಬದಲಾಗಬಹುದು. ಆದರೆ ಅವರ ಲೆಕ್ಕ ಎತ್ತುವ ಪ್ರಶ್ನೆ ಬದಲಾಗುವುದಿಲ್ಲ. ಸಾಕ್ಷ್ಯಕ್ಕೂ ಆಯುಸ್ಸು ಇದೆ.

ಇದರ ಜೊತೆಗೆ, ನಮಗೆ ನೋಡಲು ಸಿಕ್ಕಿರುವುದು ಒಂದೇ ವಿಶ್ವ, ಒಂದೇ ಆಕಾಶ. ಹಿನ್ನೆಲೆ ವಿಕಿರಣದ ಏರುಪೇರುಗಳಲ್ಲಿ ಅತಿ ದೊಡ್ಡ ವಿನ್ಯಾಸಗಳ ಪೈಕಿ ಒಂದನ್ನು ಕ್ವಾಡ್ರುಪೋಲ್ ಎನ್ನುತ್ತಾರೆ. ಇಡೀ ಆಕಾಶದಲ್ಲಿ ಅದನ್ನು ವಿವರಿಸಲು ಸಿಗುವುದು ಐದೇ ಐದು ಸಂಖ್ಯೆಗಳು. ಕೋಬೆ, ಡಬ್ಲ್ಯುಮ್ಯಾಪ್, ಪ್ಲಾಂಕ್ ಮೂರೂ ಉಪಗ್ರಹಗಳಿಗೆ ಅದು ನಿರೀಕ್ಷೆಗಿಂತ ದುರ್ಬಲವಾಗಿ ಕಂಡಿತು. ಉಬ್ಬರಕ್ಕಿಂತ ಹಿಂದಿನ ಏನೋ ಒಂದರ ಸುಳಿವೇ ಅದು, ಅಥವಾ ಬರೀ ಆಕಸ್ಮಿಕವೇ? ನೂರು ವಿಶ್ವಗಳಿದ್ದರೆ ಸರಾಸರಿ ತೆಗೆದು ಹೇಳಬಹುದಿತ್ತು. ಐದು ಸಂಖ್ಯೆಗಳಿಂದ ಹೇಳಲಾಗದು, ಮತ್ತು ಎಷ್ಟೇ ದೊಡ್ಡ ದೂರದರ್ಶಕ ಕಟ್ಟಿದರೂ ಆ ಐದು ಆರಾಗುವುದಿಲ್ಲ. ವಿಜ್ಞಾನಕ್ಕೆ ಮಿತಿ ಇದೆ ಎಂದು ತತ್ತ್ವದ ಮಟ್ಟದಲ್ಲಿ ವಾದಿಸುವವರಿಗಿಂತ ಈ ಐದು ಸಂಖ್ಯೆಗಳು ನನಗೆ ಹೆಚ್ಚು ಮನವರಿಕೆ ಮಾಡಿಕೊಡುತ್ತವೆ.

ಸಾಧ್ಯವೇ ಇಲ್ಲ ಎಂದವರೆಲ್ಲ ಹಿಂದೆ ತಪ್ಪಿದ್ದಾರಲ್ಲ ಎಂದು ಇಲ್ಲಿ ಆಕ್ಷೇಪ ಬರಬಹುದು. ಫ್ರಾನ್ಸಿನ ತತ್ತ್ವಜ್ಞಾನಿ ಓಗ್ಯುಸ್ತ್ ಕೋಂತ್, ನಕ್ಷತ್ರಗಳು ಯಾವ ವಸ್ತುಗಳಿಂದ ಆಗಿವೆ ಎಂಬುದನ್ನು ಮನುಷ್ಯ ಎಂದೂ ತಿಳಿಯಲಾರ ಎಂದು 1835ರಲ್ಲಿ ಬರೆದರು. ಇಪ್ಪತ್ತೈದು ವರ್ಷ ಕಳೆಯುವುದರೊಳಗೆ ಕಿರ್ಕಾಫ್ ಮತ್ತು ಬುನ್ಸೆನ್ ರೋಹಿತದ ಗೆರೆಗಳಿಂದ ಅದನ್ನು ಓದತೊಡಗಿದರು. ಈ ನೆನಪು ಅಗತ್ಯವೇ. ಆದರೆ ಕೋಂತ್ ಕಾಲದಲ್ಲೂ ಸಾಕ್ಷ್ಯ ನಕ್ಷತ್ರದ ಬೆಳಕಿನೊಳಗೆ ಕುಳಿತು ರಾತ್ರಿ ರಾತ್ರಿಯೂ ಭೂಮಿಗೆ ಬರುತ್ತಿತ್ತು, ಓದಲು ಬರುತ್ತಿರಲಿಲ್ಲ ಅಷ್ಟೇ. ಬರೆದದ್ದನ್ನು ಓದಲು ಬಾರದಿರುವುದು ಬೇರೆ, ಬರೆದದ್ದೇ ಅಳಿಸಿಹೋಗಿರುವುದು ಬೇರೆ. ನಾವು ಇವೆರಡರಲ್ಲಿ ಯಾವ ಸ್ಥಿತಿಯಲ್ಲಿದ್ದೇವೆ ಎಂಬುದು ಹುಡುಕಿ ನೋಡದ ಹೊರತು ತಿಳಿಯುವುದಿಲ್ಲ.

ನಿಯಮಗಳಿಗೇ ಕಾರಣ ಕೇಳಿದರೆ

ಮೂರನೆಯ ಪ್ರಶ್ನೆಯ ಬಗ್ಗೆ ನಾನು ಹೆಚ್ಚು ಹೇಳುವುದಿಲ್ಲ. ಏನೂ ಇಲ್ಲದಿರುವ ಬದಲು ಏನೋ ಒಂದು ಏಕೆ ಇದೆ ಎಂದು ಲೈಬ್ನಿಟ್ಸ್ 1714ರಲ್ಲಿ ಕೇಳಿದರು. ವಿಜ್ಞಾನ ವಿವರಿಸುವ ರೀತಿಯೇ ಒಂದು ಸ್ಥಿತಿ ಮತ್ತು ಒಂದು ನಿಯಮವನ್ನು ಇಟ್ಟುಕೊಂಡು ಮುಂದಿನ ಸ್ಥಿತಿಯನ್ನು ಪಡೆಯುವುದು. ನಿಯಮಕ್ಕೇ ಕಾರಣ ಕೇಳಿದರೆ ಇನ್ನೂ ಆಳದ ನಿಯಮವೊಂದನ್ನು ತೋರಿಸಬಹುದು, ಆಗ ಅದಕ್ಕೆ ಕಾರಣ ಕೇಳಬಹುದು. ಶೂನ್ಯದಿಂದ ವಿಶ್ವ ಬಂದಿತು ಎಂದು ಕೆಲವು ಭೌತವಿಜ್ಞಾನಿಗಳು ಹೇಳುವಾಗ ಅವರ ಶೂನ್ಯದಲ್ಲಿ ಕ್ವಾಂಟಮ್ ನಿಯಮಗಳಂತೂ ಇದ್ದೇ ಇರುತ್ತವೆ. ನಿಯಮಗಳಿರುವ ಶೂನ್ಯವನ್ನು ಲೈಬ್ನಿಟ್ಸ್ ಕೇಳಿದ ಶೂನ್ಯ ಎಂದು ಒಪ್ಪುವುದು ಕಷ್ಟ. ಈ ವಿಷಯದಲ್ಲಿ ವಿಜ್ಞಾನದ ಹೆಸರಿನಲ್ಲಿ ಆಡುವ ದೊಡ್ಡ ಮಾತುಗಳು ವಿಜ್ಞಾನಕ್ಕೇ ಕೆಡುಕು ಮಾಡುತ್ತವೆ.

ಅದೇ ರೀತಿ, ಖಾಲಿ ಉಳಿದ ಜಾಗವನ್ನು ಅವಸರದಿಂದ ದೇವರ ಹೆಸರಿನಲ್ಲಿ ತುಂಬುವುದೂ ಸರಿಯಲ್ಲ. ಇದನ್ನು ಹೇಳಲು ಲೆಮೈತ್ರ್ ಅವರಿಗಿಂತ ಹೆಚ್ಚು ಅರ್ಹರು ಯಾರು? 1951ರಲ್ಲಿ ಪೋಪ್ 12ನೇ ಪಯಸ್, ವಿಶ್ವದ ಆರಂಭದ ಬಗೆಗಿನ ಹೊಸ ವಿಜ್ಞಾನ ಸೃಷ್ಟಿಯ ನಂಬಿಕೆಗೆ ಬಲ ನೀಡುತ್ತದೆ ಎಂಬರ್ಥದ ಭಾಷಣ ಮಾಡಿದಾಗ ಲೆಮೈತ್ರ್ ಅವರಿಗೆ ಅದು ಹಿಡಿಸಲಿಲ್ಲ. ಅವರು ಕೊನೆಯವರೆಗೂ ಶ್ರದ್ಧೆಯುಳ್ಳ ಪಾದ್ರಿಯಾಗಿಯೇ ಇದ್ದರು. ಆದರೆ ತಮ್ಮ ಸಿದ್ಧಾಂತ ಧಾರ್ಮಿಕ ಪ್ರಶ್ನೆಗಳ ಆಚೆಗೆ ನಿಲ್ಲುತ್ತದೆ, ದೇವರನ್ನು ಒಪ್ಪುವವರಿಗೂ ಒಪ್ಪದವರಿಗೂ ಅದು ಸಮಾನ ಎಂಬುದು ಅವರ ನಿಲುವಾಗಿತ್ತು.

ಒಂದು ಎಚ್ಚರಿಕೆ ಮಾತ್ರ ಬೇಕು. ಮೂರನೆಯ ಪ್ರಶ್ನೆ ವಿಜ್ಞಾನದ ಹೊರಗಿದೆ ಎಂದು ಗೆರೆ ಎಳೆದರೂ ಆ ಗೆರೆ ಅಲ್ಲೇ ನಿಲ್ಲುವುದಿಲ್ಲ. ದ್ರವ್ಯವೇ ಏಕೆ ಇದೆ ಎಂಬುದು ಒಂದು ಕಾಲದಲ್ಲಿ ಬರೀ ತತ್ತ್ವಜ್ಞಾನದ ಮಾತಾಗಿತ್ತು. ದ್ರವ್ಯ ಮತ್ತು ಅದರ ವಿರುದ್ಧ ವಿದ್ಯುದಾವೇಶದ ಪ್ರತಿರೂಪವಾದ ಪ್ರತಿದ್ರವ್ಯ ಸಮಪ್ರಮಾಣದಲ್ಲಿ ಹುಟ್ಟಿ ಒಂದನ್ನೊಂದು ನುಂಗಿಹಾಕಬೇಕಿತ್ತು. ಹಾಗಾಗದೆ ಸುಮಾರು ನೂರು ಕೋಟಿ ಜೋಡಿಗಳಿಗೆ ಒಂದರಂತೆ ದ್ರವ್ಯ ಹೆಚ್ಚಾಗಿ ಉಳಿಯಿತು. ನಾವೆಲ್ಲ ಆ ಉಳಿಕೆಯಿಂದಾದವರು. ಹೀಗಾಗಲು ಯಾವ ಷರತ್ತುಗಳು ಬೇಕೆಂದು ಆಂದ್ರೇ ಸಖರೋವ್ 1967ರಲ್ಲಿ ಬರೆದಾಗ ಅದು ಭೌತವಿಜ್ಞಾನದ ಪ್ರಶ್ನೆಯಾಯಿತು. ಪ್ರೋಟಾನ್, ನ್ಯೂಟ್ರಾನ್‌ಗಳು ಸೇರಿದ ಬೇರಿಯಾನ್ ವರ್ಗದ ಕಣವೊಂದರಲ್ಲಿ ದ್ರವ್ಯ ಮತ್ತು ಪ್ರತಿದ್ರವ್ಯಗಳ ವರ್ತನೆ ಬೇರೆಯಾಗಿರುವುದನ್ನು ಸರ್ನ್‌ನ ಎಲ್‌ಎಚ್‌ಸಿಬಿ ಪ್ರಯೋಗ 2025ರಲ್ಲಿ ಮೊದಲ ಬಾರಿಗೆ ಸ್ಪಷ್ಟವಾಗಿ ತೋರಿಸಿತು. ವಿಶ್ವದಲ್ಲಿರುವ ಅಷ್ಟೂ ದ್ರವ್ಯವನ್ನು ವಿವರಿಸಲು ಈ ವ್ಯತ್ಯಾಸ ಸಾಲದು, ಇನ್ನೂ ಏನೋ ಬೇಕು. ಆದರೆ ಏಕೆ ಏನೋ ಒಂದು ಇದೆ ಎಂಬ ದೊಡ್ಡ ಪ್ರಶ್ನೆಯ ಒಂದು ಭಾಗ ಈಗ ಅಳೆಯುವ ವಿಷಯವಾಗಿದೆ.

ಮುಸುಕಿನ ಆಚೆಗೆ

ಹಾಗಾದರೆ ಎರಡನೆಯ ಪ್ರಶ್ನೆಗೆ ಸಾಕ್ಷ್ಯ ಎಲ್ಲಿ ಉಳಿದಿರಬಹುದು? ಬೆಳಕು 3,80,000 ವರ್ಷಗಳಿಗಿಂತ ಹಿಂದಕ್ಕೆ ಕರೆದೊಯ್ಯುವುದಿಲ್ಲ. ನ್ಯೂಟ್ರಿನೊಗಳು ಮೊದಲ ಸೆಕೆಂಡಿನಷ್ಟು ಹಿಂದೆಯೇ ಬಿಡುಗಡೆಯಾದವು. ಅವು ಈಗಲೂ ಎಲ್ಲೆಡೆ ಇವೆ, ಆದರೆ ಎಷ್ಟು ತಣ್ಣಗಿವೆಯೆಂದರೆ ಅವುಗಳನ್ನು ನೇರವಾಗಿ ಹಿಡಿಯಲು ಇಂದಿನವರೆಗೆ ಯಾರಿಗೂ ಆಗಿಲ್ಲ. ದೇಶಕಾಲದಲ್ಲೇ ಏಳುವ ತರಂಗಗಳಾದ ಗುರುತ್ವದ ಅಲೆಗಳಿಗೆ ಮಾತ್ರ ಎಳೆಯ ವಿಶ್ವದ ಮುಸುಕು ಅಡ್ಡಿಯಾಗುವುದಿಲ್ಲ. ಉಬ್ಬರ ನಡೆದಿದ್ದರೆ ಅದು ಎಬ್ಬಿಸಿದ ಗುರುತ್ವದ ಅಲೆಗಳು ಹಿನ್ನೆಲೆ ವಿಕಿರಣದಲ್ಲಿ ಸುಳಿಯಾಕಾರದ ಒಂದು ವಿಶಿಷ್ಟ ಧ್ರುವೀಕರಣವನ್ನು (ಬೆಳಕಿನ ಅಲೆಗಳು ಕಂಪಿಸುವ ದಿಕ್ಕುಗಳ ವಿನ್ಯಾಸವನ್ನು) ಮೂಡಿಸಿರಬೇಕು.

ಅದು ಸಿಕ್ಕೇಬಿಟ್ಟಿತು ಎಂದು 2014ರ ಮಾರ್ಚ್‌ನಲ್ಲಿ ದಕ್ಷಿಣ ಧ್ರುವದ ಬೈಸೆಪ್-2 ತಂಡ ಘೋಷಿಸಿತು. ಜಗತ್ತಿನಾದ್ಯಂತ ಸಂಭ್ರಮವಾಯಿತು. ಒಂದು ವರ್ಷದೊಳಗೆ, ಪ್ಲಾಂಕ್ ಉಪಗ್ರಹದ ಮಾಹಿತಿಯನ್ನೂ ಸೇರಿಸಿ ವಿಶ್ಲೇಷಿಸಿದಾಗ, ಆ ಗುರುತನ್ನು ನಮ್ಮ ಗ್ಯಾಲಕ್ಸಿಯ ಧೂಳೇ ಮೂಡಿಸಿರಬಲ್ಲದು ಎಂದು ತಿಳಿಯಿತು. ಇದನ್ನು ವಿಜ್ಞಾನದ ಅವಮಾನ ಎಂದು ಎತ್ತಿ ಆಡುವವರಿದ್ದಾರೆ. ಘೋಷಣೆಗೆ ಅವಸರವಾಯಿತು ಎಂಬುದು ನಿಜ. ಆದರೆ ಹುಟ್ಟಿನ ಬಗೆಗಿನ ಒಂದು ಹೇಳಿಕೆ ಹನ್ನೆರಡು ತಿಂಗಳೊಳಗೆ ಅಳತೆಯಿಂದಲೇ ತಿದ್ದಿಕೊಂಡ ಉದಾಹರಣೆ ಬೇರೆ ಯಾವ ಜ್ಞಾನಶಾಖೆಯಲ್ಲಿದೆ? ಅದೇ ದಕ್ಷಿಣ ಧ್ರುವದ ಪ್ರಯೋಗಗಳು 2021ರ ಹೊತ್ತಿಗೆ, ಏರುಪೇರುಗಳಿಗೆ ಹೋಲಿಸಿದಾಗ ಗುರುತ್ವದ ಅಲೆಗಳ ಪಾಲು 0.036ಕ್ಕಿಂತ ಕಡಿಮೆ ಎಂಬ ಮಿತಿಯನ್ನು ಹಾಕಿದವು. ಉಬ್ಬರದ ಅತಿ ಸರಳ ಮಾದರಿಗಳಲ್ಲಿ ಕೆಲವು ಅಲ್ಲಿಗೆ ಬಿದ್ದುಹೋದವು.

ಚಿಲಿಯ ಅಟಕಾಮಾ ಮರುಭೂಮಿಯಲ್ಲಿ 5000 ಮೀಟರ್‌ಗೂ ಹೆಚ್ಚು ಎತ್ತರದಲ್ಲಿರುವ ಸೈಮನ್ಸ್ ವೀಕ್ಷಣಾಲಯ ಈಗ ಇದೇ ಸುಳಿಗಳನ್ನು ಹುಡುಕುತ್ತಿದೆ. ಜಪಾನ್ ನೇತೃತ್ವದ ಲೈಟ್‌ಬರ್ಡ್ ಉಪಗ್ರಹ ಯೋಜನೆಯ ಗುರಿಯೂ ಅದೇ, 0.001ರ ಮಟ್ಟಕ್ಕೆ ಇಳಿದು ನೋಡುವುದು ಅದರ ಉದ್ದೇಶ. ಅಲೆಕ್ಸಿ ಸ್ಟಾರೊಬಿನ್‌ಸ್ಕಿ 1980ರಲ್ಲಿ ಮಂಡಿಸಿದ, ಇಂದಿಗೂ ಅಳತೆಗಳಿಗೆ ಚೆನ್ನಾಗಿ ಹೊಂದುವ ಮಾದರಿ ಹೇಳುವ ಮೌಲ್ಯ 0.003ರ ಆಸುಪಾಸಿನಲ್ಲಿದೆ. ಅಷ್ಟು ಆಳಕ್ಕೆ ಇಳಿದ ಮೇಲೂ ಏನೂ ಕಾಣದಿದ್ದರೆ ಆ ಮಾದರಿಯನ್ನು ಕೈಬಿಡಬೇಕಾಗುತ್ತದೆ. ಇನ್ನೂ ದುರ್ಬಲ ಅಲೆಗಳನ್ನು ಹೇಳುವ ಹತ್ತಾರು ಮಾದರಿಗಳು ಆಗಲೂ ಉಳಿಯುತ್ತವೆ, ಅವುಗಳಲ್ಲಿ ಕೆಲವನ್ನು ಯಾವ ಉಪಕರಣವೂ ಮುಟ್ಟಲಾರದು. ಕಂಡರೆ, ಉಬ್ಬರ ಯಾವ ಶಕ್ತಿಯ ಮಟ್ಟದಲ್ಲಿ ನಡೆಯಿತು ಎಂಬುದು ಮೊದಲ ಬಾರಿಗೆ ಸಂಖ್ಯೆಯಾಗಿ ಸಿಗುತ್ತದೆ, ಗುರುತ್ವವೂ ಕ್ವಾಂಟಮ್ ನಿಯಮಗಳನ್ನು ಪಾಲಿಸುತ್ತದೆ ಎಂಬುದಕ್ಕೆ ಆಕಾಶದಿಂದಲೇ ಒಂದು ಪರೋಕ್ಷ ಆಧಾರ ದೊರೆಯುತ್ತದೆ. ಆ ಉಬ್ಬರ ಎಷ್ಟು ಹೊತ್ತು ನಡೆಯಿತು, ತನಗಿಂತ ಹಿಂದಿನದನ್ನು ಪೂರ್ತಿ ಒರೆಸಿತೋ ಅಂಚಿನಲ್ಲಿ ಏನನ್ನಾದರೂ ಬಿಟ್ಟಿತೋ ಎಂಬುದನ್ನು ಮಾತ್ರ ಆ ಸಂಖ್ಯೆ ಹೇಳುವುದಿಲ್ಲ.